ಅಂಚಿಗೆ ನೀಲಿ ಗೆರೆಯ ಬಟ್ಟಲು

ಕಿನು ಹತಾಕೆಯಾಮಾ ತನ್ನ ಬಾಳಿನಲ್ಲಿ ಎಷ್ಟು ಸಲ ‘ಧನ್ಯವಾದ’ ಎಂದಿರಬಹುದು ಎಂಬ ಬಗ್ಗೆ ಓನೋಹಾಮಾದ ಕ್ಷೌರದಂಗಡಿಯಲ್ಲಿ ಒಮ್ಮೆ ದೊಡ್ಡ ಚರ್ಚೆಯೇ ನಡೆದಿತ್ತು. ಒಬ್ಬ ಲಕ್ಷ ಎಂದ, ಇನ್ನೊಬ್ಬ ನಾಲ್ಕು ಲಕ್ಷ ಎಂದ. ಆರು ಚುನಾವಣೆ, ಬೆಳಗ್ಗೆ ಎಂಟರಿಂದ ಸಂಜೆ ಕಳೆಯುವವರೆಗೆ ಧ್ವನಿವರ್ಧಕದ ಗಾಡಿ, ಕಿಟಕಿಯಿಂದ ಕೈಬೀಸಿದ ಪ್ರತಿ ಮುದುಕಿಗೂ, ಗದ್ದೆಯಲ್ಲಿ ತಲೆಯೆತ್ತಿದ ಪ್ರತಿ ಮನುಷ್ಯನಿಗೂ ಒಂದೊಂದು ಧನ್ಯವಾದ. ಬಾಲ ಅಲ್ಲಾಡಿಸಿದ ನಾಯಿಗೂ ಕಿನು ಧನ್ಯವಾದ ಹೇಳಿದ್ದನ್ನು ಕಂಡವರಿದ್ದಾರೆ. ಲೆಕ್ಕ ಇತ್ಯರ್ಥವಾಗದೆ ಚರ್ಚೆ ಮೀನಿನ ಕಡೆಗೆ ಹೊರಳಿತು.

ಆ ಧನ್ಯವಾದಗಳಲ್ಲಿ ಒಂದೂ ಕಿನುವಿನ ಸ್ವಂತದ್ದಲ್ಲ. ಎಲ್ಲವೂ ರಿತ್ಸುಕೋ ಅಸಾರಿಯ ಪರವಾಗಿ ಹೇಳಿದ್ದು. ಊರಿನ ಆರೋಗ್ಯ ದಾದಿಯಾಗಿದ್ದು, ಪ್ರಾಂತ್ಯದ ಸಭೆಗೆ ಗೆದ್ದು, ಅಲ್ಲಿಂದ ಟೋಕಿಯೋದ ಮೇಲ್ಮನೆಗೆ ಹೋಗಿ, ಕೊನೆಗೆ ಸಭಾಪತಿಯ ಎತ್ತರದ ಕುರ್ಚಿಯಲ್ಲಿ ಕೂತ ಅದೇ ರಿತ್ಸುಕೋ. ಅವಳ ಹೆಸರನ್ನು ಓಣಿ ಓಣಿಗೂ ಕೂಗಿ ಹೇಳಿದ ಗಂಟಲು ಕಿನುವಿನದು. ಆ ಮೂವತ್ತು ವರ್ಷವೂ ಕಿನುವಿನ ಒಂದು ಬಟ್ಟಲು ರಿತ್ಸುಕೋ ಹತ್ತಿರ ಉಳಿದುಬಿಟ್ಟಿತ್ತು. ಬಿಳಿ ಪಿಂಗಾಣಿ, ಅಂಚಿಗೆ ನೀಲಿ ಗೆರೆ. ಕಿನು ಮದುವೆಯಾಗಿ ಬರುವಾಗ ಅವಳ ತಾಯಿ ಮಡಿಲಿಗೆ ಹಾಕಿದ್ದು. ತಾಯಿ ಮರುವರ್ಷವೇ ತೀರಿಕೊಂಡಳು. ತವರಿನ ಗುರುತು ಅಂತ ಕಿನುವಿಗೆ ಉಳಿದದ್ದು ಅದೊಂದೇ.

ಮೊದಲ ಭೇಟಿ ಜಗಳದ್ದು. ಆಗ ರಿತ್ಸುಕೋಗೆ ಇಪ್ಪತ್ತನಾಲ್ಕು, ಕಿನುವಿಗೆ ಇಪ್ಪತ್ತೇಳು. ಓನೋಹಾಮಾ ಇರುವ ಅಕಿತಾ ಪ್ರಾಂತ್ಯದ ಕರಾವಳಿಯ ಜನ ಉಪ್ಪೆಂದರೆ ಪ್ರಾಣ ಬಿಡುತ್ತಿದ್ದರು, ನಿಜಕ್ಕೂ ಬಿಡುತ್ತಿದ್ದರು. ಪ್ರತಿ ಚಳಿಗಾಲದಲ್ಲೂ ಊರಿನ ನಾಲ್ಕಾರು ಮಂದಿ ಸ್ನಾನದ ಮನೆಯಲ್ಲೋ ಹಿತ್ತಲಲ್ಲೋ ದೊಪ್ಪನೆ ಬಿದ್ದು, ಎದ್ದರೆ ಅರ್ಧ ಮೈ ಸ್ವಾಧೀನ ಇಲ್ಲದೆ ಏಳುತ್ತಿದ್ದರು. ಪಟ್ಟಣ ಕಚೇರಿಯ ಹೊಸ ದಾದಿ ಸೈಕಲ್ಲಿನಲ್ಲಿ ಗಾಜಿನ ನಳಿಗೆ ಕಟ್ಟಿಕೊಂಡು ಮನೆ ಮನೆಗೆ ಬಂದು ಹುದುಗಿಸಿದ ಸೋಯಾದ ಮಿಸೋ ಸಾರಿನ ಉಪ್ಪು ಅಳೆಯತೊಡಗಿದಳು. ಹತಾಕೆಯಾಮಾ ಮನೆಯ ಯಜಮಾನಿ ಕಿನುವಿನ ಅತ್ತೆ ತೋಮೆ. ಆಕೆಯ ಬಾಯಿಗೆ ಊರಿಗೂರೇ ಹೆದರುತ್ತಿತ್ತು.

“ಅಮ್ಮಾ, ಒಂದು ಚೂರು ಸಾರು ಕೊಡ್ತೀರಾ?”

“ಹಸಿವಾಗಿದ್ರೆ ಕೂತ್ಕೊಂಡು ಕುಡಿ. ಬಾಟ್ಲಿಗ್ಯಾಕೆ ಸುರ್ಕೊಳ್ತೀಯ?”

“ಉಪ್ಪು ಎಷ್ಟಿದೆ ಅಂತ ನೋಡ್ಬೇಕಿತ್ತು.”

“ಯಾಕೆ, ನಾಲಗೆ ಮನೇಲಿಟ್ಟು ಬಂದಿದೀಯಾ?”

ಕಿನುವಿಗೆ ನಗು ತಡೆಯಲಾಗಲಿಲ್ಲ. ಸಮಾಧಾನಕ್ಕೆಂದು ಚಹಾದ ಜೊತೆ ಹೊಗೆಮೂಲಂಗಿಯ ನಾಲ್ಕು ಹೋಳು ತಂದಿಟ್ಟಳು. ಅದು ಆ ಮನೆಯ ಕಸುಬು. ನವೆಂಬರಿನಲ್ಲಿ ಮೂಲಂಗಿಗಳನ್ನು ಹಗ್ಗಕ್ಕೆ ಪೋಣಿಸಿ, ಹೊಗೆಮನೆಯ ತೊಲೆಗೆ ನೇತುಹಾಕಿ, ಓಕ್ ಮತ್ತು ಚೆರ್ರಿ ಸೌದೆಯ ಹೊಗೆಯಲ್ಲಿ ನಾಲ್ಕು ದಿನ ಬಾಡಿಸಿ, ಆಮೇಲೆ ತವುಡು, ಉಪ್ಪು ಬೆರೆಸಿ ಪೀಪಾಯಿಯಲ್ಲಿ ಕಲ್ಲು ಹೇರಿ ಇಟ್ಟರೆ ಹೊಸ ವರ್ಷ ಕಳೆಯುವ ಹೊತ್ತಿಗೆ ಜೇನುಬಣ್ಣ ಬಂದಿರುತ್ತದೆ. ರಿತ್ಸುಕೋ ಒಂದು ಹೋಳು ಬಾಯಿಗಿಟ್ಟು ಕಣ್ಣು ಮುಚ್ಚಿದಳು.

“ಇಂಥಾ ರುಚಿ ನಾನು ಜನ್ಮದಲ್ಲೇ ತಿಂದಿಲ್ಲ,” ಎಂದಳು. ಕಿನು ಹಿಗ್ಗುವಷ್ಟರಲ್ಲಿ ಸೇರಿಸಿದಳು, “ಆದ್ರೆ ದಿನಾ ಇದನ್ನ ತಿನ್ನೋರು ಅರವತ್ತು ದಾಟೋದು ಕಷ್ಟ.”

“ನಂಗೀಗ ಅರವತ್ತೆರಡು,” ಎಂದಳು ತೋಮೆ. “ಬಾಗಿಲು ಆ ಕಡೆಗಿದೆ.”

ಮುಂದೆ ಬಂದ ಜನವರಿಯಲ್ಲೇ ತೋಮೆ ಸ್ನಾನದ ಮನೆಯಲ್ಲಿ ಬಿದ್ದಳು. ಬಲಗೈ, ಬಲಗಾಲು ಹೋಯಿತು, ಊರು ಹೆದರುತ್ತಿದ್ದ ಬಾಯಿಯೂ ಹೋಯಿತು. ಕಿನುವಿನ ಗಂಡ ಸೈಜಿ ಚಳಿಗಾಲಕ್ಕೆ ಎಲ್ಲ ಗಂಡಸರಂತೆ ಟೋಕಿಯೋಗೆ ರಸ್ತೆ ಕೆಲಸಕ್ಕೆ ಹೋಗಿದ್ದ. ಮನೆಯಲ್ಲಿ ಉಳಿದವರು ಮಾತು ಬಾರದ ಅತ್ತೆ, ಮೂವತ್ತು ಪೀಪಾಯಿ ಮೂಲಂಗಿ ಮತ್ತು ಕಿನು. ಹಿಮ ಕಿಟಕಿಯ ಎತ್ತರಕ್ಕೆ ಬಿದ್ದಿತ್ತು. ಮೂರನೆಯ ದಿನ ಯಾರೋ ಸಲಿಕೆಯಿಂದ ಬಾಗಿಲ ಮುಂದಿನ ಹಿಮ ಎತ್ತುವ ಸದ್ದಾಯಿತು. ತೆರೆದು ನೋಡಿದರೆ ಉಪ್ಪಿನ ಹುಡುಗಿ.

“ಅಮ್ಮ ನನ್ನ ಓಡ್ಸೋಕಾಗದ ಹೊತ್ತು ನೋಡ್ಕೊಂಡು ಬಂದಿದೀನಿ,” ಎಂದಳು ರಿತ್ಸುಕೋ.

ಎರಡು ಚಳಿಗಾಲ ಅವಳು ವಾರಕ್ಕೆರಡು ಸಲ ಬಂದಳು. ತೋಮೆಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಮಡಿಸಿದಳು. ತೊಲೆಗೆ ಮೂಲಂಗಿಯ ಹಗ್ಗವನ್ನೇ ಕಟ್ಟಿ, ಅದನ್ನು ಹಿಡಿಸಿ ಅವಳನ್ನು ನಿಲ್ಲಿಸಿದಳು. ಕಿನು ಅಡುಗೆಮನೆಯಲ್ಲಿ ಒಬ್ಬಳೇ ಅಳುತ್ತಿದ್ದ ದಿನ ಏನೂ ಕೇಳದೆ ಪಾತ್ರೆ ತೊಳೆದಿಟ್ಟು ಹೋದಳು. ಎರಡನೆಯ ವಸಂತದಲ್ಲಿ ತೋಮೆ ಕೋಲೂರಿಕೊಂಡು ಅಂಗಳದ ಪರ್ಸಿಮನ್ ಮರದವರೆಗೆ ನಡೆದಳು. ಮರ ಹಿಡಿದು ನಿಂತು, ಬಿದ್ದ ಮೇಲೆ ಮೊದಲ ಸಲ ಎಲ್ಲರಿಗೂ ತಿಳಿಯುವಂತೆ ಮಾತಾಡಿದಳು.

“ಸಪ್ಪೆ ಸಾರು ಕುಡ್ದು ಕುಡ್ದು ಸಾಕಾಯ್ತು.”

ಕಿನು ಮತ್ತು ರಿತ್ಸುಕೋ ಒಬ್ಬರನ್ನೊಬ್ಬರು ಹಿಡಿದುಕೊಂಡು ನಕ್ಕರು, ನಗುತ್ತಲೇ ಅತ್ತರು. ಅವತ್ತೇ ಕಿನು ತಾಯಿಯ ಬಟ್ಟಲನ್ನು ಕೆಳಗಿಳಿಸಿ, ಅರ್ಧ ಉಪ್ಪು ಹಾಕಿ ಬೇರೆಯಾಗಿ ಮಾಡಿದ್ದ ಹೊಗೆಮೂಲಂಗಿ ತುಂಬಿ ರಿತ್ಸುಕೋ ಕೈಗಿತ್ತಳು. ಇದ್ದದ್ದರಲ್ಲಿ ಅತ್ಯಂತ ಪ್ರೀತಿಯದನ್ನು ಕೊಡಬೇಕೆನಿಸಿತ್ತು.

ಬಂದ ಪಾತ್ರೆಯನ್ನು ಖಾಲಿ ಹಿಂದಿರುಗಿಸುವ ಪದ್ಧತಿ ಓನೋಹಾಮಾದಲ್ಲಿಲ್ಲ. ಏನೂ ಇಲ್ಲದಿದ್ದರೆ ಒಂದು ಬೆಂಕಿಪೊಟ್ಟಣವನ್ನಾದರೂ ಹಾಕಿ ಕೊಡುತ್ತಾರೆ. ಖಾಲಿ ಪಾತ್ರೆ ಬಂತೆಂದರೆ ಇನ್ನು ಆ ಮನೆಯ ಸಹವಾಸ ಬೇಡ ಎಂದರ್ಥ. ಮುಂದಿನ ವಾರ ಬಟ್ಟಲು ಬೆಟ್ಟದ ಎಳೆ ಚಿಗುರು ತುಂಬಿಕೊಂಡು ಬಂತು. ಕಿನು ಅದರಲ್ಲಿ ಮತ್ತೆ ಮೂಲಂಗಿ ಕಳಿಸಿದಳು, ಬೇಯಿಸಿದ ಚೆಸ್ಟ್‌ನಟ್ ಬಂತು. ಹೀಗೆ ಹತ್ತು ವರ್ಷ ಆ ಬಟ್ಟಲಿಗೆ ಎರಡು ಮನೆ. ತೋಮೆ ಎಪ್ಪತ್ತು ದಾಟಿ, ದಾಟಿದ್ದನ್ನು ದಾದಿಗೆ ಪ್ರತಿ ಸಲ ಜ್ಞಾಪಿಸಿ, ಒಂದು ಬೇಸಿಗೆಯಲ್ಲಿ ನೆಮ್ಮದಿಯಾಗಿ ಕಣ್ಮುಚ್ಚಿದಳು.

ಪ್ರಾಂತ್ಯದ ಸರ್ಕಾರದವರು ಹಳ್ಳಿಯ ದಾದಿಯರ ಸಂಖ್ಯೆ ಇಳಿಸಲು ಹೊರಟ ವರ್ಷ ರಿತ್ಸುಕೋ ಕೆಲಸ ಬಿಟ್ಟು ಪ್ರಾಂತ್ಯದ ಸಭೆಯ ಚುನಾವಣೆಗೆ ನಿಂತಳು. ಆ ಕಡೆಯಿಂದ ಅಲ್ಲಿವರೆಗೆ ಯಾವ ಹೆಂಗಸೂ ನಿಂತಿರಲಿಲ್ಲ. ಮೀನುಗಾರರ ಸಂಘದವರು ಮೂಗು ಮುರಿದರು. ರಿತ್ಸುಕೋ ಒಂದು ಸಂಜೆ ಬಂದು ಕಿನುವಿನ ಮುಂದೆ ಕೈಕಟ್ಟಿ ಕೂತಳು.

“ಕಿನುಸಾನ್, ಗಾಡೀಲಿ ಕೂಗೋಕೆ ಒಂದು ಗಂಟಲು ಬೇಕು.”

“ನಂಗೆ ರಾಜಕೀಯ ಏನ್ ಗೊತ್ತು? ಮೂಲಂಗಿ ಮಾರೋಳು ನಾನು.”

“ಬೆಳಗಿನ ಸಂತೇಲಿ ನೀವು ಮೂಲಂಗಿ ಅಂದ್ರೆ ಬಂದರುಕಟ್ಟೆ ತುದಿಗೆ ಕೇಳ್ಸತ್ತೆ. ಮೂಲಂಗಿ ಬದ್ಲು ನನ್ನ ಹೆಸ್ರು ಹೇಳಿ, ಸಾಕು.”

ಕಿನು ಬಿಳಿ ಕೈಗವಸು ತೊಟ್ಟು ಗಾಡಿ ಹತ್ತಿದಳು. ಗಾಡಿ ಓಡಿಸುವ ಕೆಲಸಕ್ಕೆ ಸೈಜಿ ತಾನಾಗಿಯೇ ಕೂತ. ‘ಅಸಾರಿ, ಅಸಾರಿ ರಿತ್ಸುಕೋ! ಕೈಬೀಸಿದ್ದಕ್ಕೆ ಧನ್ಯವಾದ, ಎರಡನೇ ಮಹಡಿಯ ಅಜ್ಜಿ, ಧನ್ಯವಾದ!’ ಎಂದು ಅವಳು ಕೂಗಿದರೆ ಒಗೆಯುತ್ತಿದ್ದ ಹೆಂಗಸರು ಕೈ ಒರೆಸಿಕೊಂಡು ಹೊರಗೆ ಬರುತ್ತಿದ್ದರು. ರಿತ್ಸುಕೋಗೆ ಮಾತ್ರ ಮೈಕು ಹಿಡಿದರೆ ಸ್ವರ ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು. “ಹೊಟ್ಟೆಯಿಂದ ಮಾತಾಡಿ, ಗಂಟಲಿಂದ ಅಲ್ಲ. ಪೀಪಾಯಿ ಮೇಲಿನ ಕಲ್ಲು ಎತ್ತೋವಾಗ ಉಸಿರು ಎಲ್ಲಿರತ್ತೆ, ಅಲ್ಲಿಂದ,” ಎಂದು ಕಿನು ಕಲಿಸಿದಳು.

ಕಾನೂನಿನ ಪ್ರಕಾರ ಪ್ರಚಾರ ಕಚೇರಿಯಲ್ಲಿ ಬಂದವರಿಗೆ ಊಟ ಹಾಕುವಂತಿಲ್ಲ, ಚಹಾ ಮತ್ತು ಚಹಾದ ತಿಂಡಿ ಕೊಡಬಹುದು. ಕಿನುವಿನ ಮೂಲಂಗಿ ತಿಂಡಿಯೋ ಊಟವೋ ಎಂದು ತಪಾಸಣೆಗೆ ಬಂದ ಗುಮಾಸ್ತನೊಬ್ಬ ಅರ್ಧ ಗಂಟೆ ಯೋಚಿಸಿದ. ಯೋಚಿಸುತ್ತಾ ಒಂಬತ್ತು ಹೋಳು ತಿಂದ. “ಅನ್ನದ ಜೊತೆ ಕೊಟ್ರೆ ಊಟ, ಚಹಾದ ಜೊತೆ ಕೊಟ್ರೆ ತಿಂಡಿ,” ಎಂದು ತೀರ್ಪು ಕೊಟ್ಟು, ಹತ್ತನೆಯದನ್ನು ಕೈಯಲ್ಲೇ ಹಿಡಿದು ಹೊರಟ. ಆ ಮೂಲಂಗಿ ಹೋಗಿದ್ದು ನೀಲಿ ಗೆರೆಯ ಬಟ್ಟಲಿನಲ್ಲೇ. ಮತದಾನದ ದಿನ ಕಚೇರಿ ಖಾಲಿ ಮಾಡುವಾಗ ರಿತ್ಸುಕೋ ಅದನ್ನು ತೊಳೆದು ತನ್ನ ಮನೆಗೆ ಒಯ್ದಳು.

ರಿತ್ಸುಕೋ ಇನ್ನೂರ ಹನ್ನೆರಡು ಮತಗಳಿಂದ ಗೆದ್ದಳು. ಮರುದಿನ ಬೆಳಗ್ಗೆ ಎದ್ದಾಗ ಕಿನುವಿನ ಮನಸ್ಸು ಎಷ್ಟು ತುಂಬಿತ್ತೆಂದರೆ ಸುಮ್ಮನೆ ಕೂರಲಾಗಲಿಲ್ಲ. ಯಾರಾದರೂ ಉಪಕಾರ ಮಾಡಿದರೆ ಹೋಗಿ ತಲೆಬಾಗಿ ಬರಬೇಕು, ಬರಿಗೈಯಲ್ಲಿ ಹೋಗಬಾರದು. ಅವಳು ಹುಟ್ಟಿ ಬೆಳೆದದ್ದು ಹೀಗೆ. ವರ್ಷದ ಕೊನೆಯ ಪೀಪಾಯಿ ತೆಗೆದು, ಹನ್ನೆರಡು ಕಟ್ಟು ಕಟ್ಟಿ, ಹನ್ನೆರಡು ಮನೆಗೆ ಹೋದಳು. ಪ್ರತಿ ಬಾಗಿಲಲ್ಲೂ ಸೊಂಟ ಬಗ್ಗಿಸಿ, “ನಿಮ್ಮ ದಯೆಯಿಂದ ನಮ್ಮ ಅಸಾರಿ ಗೆದ್ರು, ಧನ್ಯವಾದ,” ಎಂದಳು.

ಚುನಾವಣೆ ಮುಗಿದ ಮೇಲೆ ಮನೆ ಮನೆಗೆ ಹೋಗಿ ಧನ್ಯವಾದ ಹೇಳುವುದು ಆ ದೇಶದಲ್ಲಿ ಅಪರಾಧ. ಅದೂ ಕೈಯಲ್ಲಿ ಏನಾದರೂ ಹಿಡಿದು ಹೋದರೆ ಲಂಚದ ಮಾತೇ ಬರುತ್ತದೆ. ಲಂಚವೆಂದು ತೀರ್ಮಾನವಾದರೆ ಗೆದ್ದ ಸ್ಥಾನವೇ ಹೋದೀತು. ಸೋತ ಕಡೆಯವರು ಮೂರನೆಯ ದಿನವೇ ಠಾಣೆಗೆ ಚೀಟಿ ಬರೆದರು. ಕೊಮಾತ್ಸು ಎಂಬ ವಯಸ್ಸಾದ ಪೊಲೀಸು ಕಿನುವನ್ನು ಕರೆಸಿದ. ತನ್ನಿಂದ ರಿತ್ಸುಕೋ ಕೈಗೆ ಬಂದದ್ದು ಜಾರುವುದಾದರೆ ಈ ಗಂಟಲು ಇದ್ದೂ ಏನು ಮಾಡಬೇಕು ಎಂದು ಠಾಣೆಯ ಬೆಂಚಿನ ಮೇಲೆ ಅತ್ತಳು.

ಕೊಮಾತ್ಸು ಹನ್ನೆರಡು ಮನೆಗೂ ಹೋಗಿ ವಿಚಾರಿಸಿ ಬಂದ. ಬಂದವನು ತಲೆ ಕೆರೆದುಕೊಂಡ.

“ಹತಾಕೆಯಾಮಾಸಾನ್, ನೀವು ಪ್ರತಿ ಮನೆಗೂ ಎರಡೆರಡು ಮೂಲಂಗಿ ಕೊಟ್ರಿ, ಸರಿ. ಅವ್ರು ಏನ್ ಕೊಟ್ರು?”

“ಒಬ್ರು ಮೊಟ್ಟೆ, ಒಬ್ರು ಒಣಮೀನು. ಪಕ್ಕದ ಮಿನೆ ಮನೇಲಿ ಒಂದು ಕೋಳಿ.”

“ಕೋಳಿ?”

“ಬೇಡ ಅಂದೆ. ಬರಿಗೈಲಿ ಕಳಿಸ್ಬಾರ್ದು ಅಂತ ಕಂಕುಳಿಗೇ ತುರುಕಿದ್ಲು.”

“ಹಂಗಾದ್ರೆ ಇಲ್ಲಿ ಲಂಚ ಯಾರು ಯಾರಿಗೆ ಕೊಟ್ರು ಅಂತ ಬರೀಲಿ?” ಕೊಮಾತ್ಸು ನಿಟ್ಟುಸಿರಿಟ್ಟ. “ಪ್ರತಿ ವರ್ಷ ಕೊನೇ ಪೀಪಾಯಿ ತೆಗೆದಾಗ ಇದೇ ಮನೆಗಳಿಗೆ ಕೊಡ್ತೀರಂತೆ, ಎಲ್ರೂ ಹೇಳಿದ್ರು. ಮೂಲಂಗಿ ವಿಷ್ಯ ಬಿಡ್ತೀನಿ. ಆದ್ರೆ ಧನ್ಯವಾದ ಹೇಳಿದ್ದು ತಪ್ಪು. ಎಚ್ಚರಿಕೆ ಬರ್ಕೊಂಡಿದೀನಿ. ಇನ್ಮೇಲೆ ಗೆದ್ದ ಮೇಲೆ ಬಾಯಿ ಮುಚ್ಕೊಂಡಿರಿ.”

ಗಂಡಾಂತರವೇನೋ ಕಳೆಯಿತು. ಆ ಸಂಜೆ ರಿತ್ಸುಕೋ ಬಂದಳು. ಒಳಗೆ ಬರಲಿಲ್ಲ, ಮೆಟ್ಟಿಲ ಹತ್ತಿರವೇ ನಿಂತಳು. ಮುಖ ಬಿಳಿಚಿಕೊಂಡಿತ್ತು.

“ಕಿನುಸಾನ್, ನಾನು ಈ ಕೆಲ್ಸದಲ್ಲಿ ಇರೋವರೆಗೆ ಕಾನೂನಿನ ಪ್ರಕಾರ ನನ್ನ ಕೈಯಿಂದ ಈ ಊರಿನ ಯಾರಿಗೂ ಒಂದು ಕಡ್ಡಿ ಕೂಡ ಬರೋ ಹಾಗಿಲ್ಲ. ಸಾವಿಗೆ ಹೂವೂ ಕಳಿಸೋ ಹಾಗಿಲ್ಲ. ವಾಪಸ್ ಕೊಡೋಕಾಗದ್ದನ್ನ ಇಸ್ಕೊಳ್ಳೋಕೆ ನಂಗೆ ಮನಸ್ಸಿಲ್ಲ. ನಿಮ್ಮ ಮನೆಯಿಂದಲೂ ಇನ್ನು ಏನೂ ಕಳಿಸ್ಬೇಡಿ.”

“ನನ್ನಿಂದ ಇಷ್ಟೆಲ್ಲಾ ಆಯ್ತು.”

“ನಿಮ್ಮಿಂದ ಗೆದ್ದೆ,” ಎಂದಳು ರಿತ್ಸುಕೋ. ಮತ್ತೇನೋ ಹೇಳಲು ಬಾಯಿ ತೆರೆದು, ಅದನ್ನೂ ಕೊಡುಗೆ ಎಂದಾರೆಂದು ಹೆದರಿದವಳಂತೆ ಮುಚ್ಚಿ, ಆಳವಾಗಿ ಬಗ್ಗಿ ನಮಸ್ಕರಿಸಿ ಹೋದಳು.

ಅವಳು ಹೋದ ಮೇಲೆ ಕಿನುವಿಗೆ ಬಟ್ಟಲು ನೆನಪಾಯಿತು. ರಿತ್ಸುಕೋ ಅದನ್ನು ಖಾಲಿ ಕೊಟ್ಟರೆ ಸಹವಾಸ ಮುರಿದಂತೆ. ತುಂಬಿ ಕೊಟ್ಟರೆ ಅಪರಾಧ. ಕೇಳೋಣವೆಂದರೆ, ಪಾತ್ರೆ ಕೇಳುವುದು ಅದರೊಳಗಿನದನ್ನು ಕೇಳಿದ ಹಾಗೆ. ಹೀಗಾಗಿ ಇವಳು ಕೇಳಲಿಲ್ಲ, ಅವಳು ಕೊಡಲಿಲ್ಲ. ಕಪಾಟಿನಲ್ಲಿ ಬಟ್ಟಲಿನ ಜಾಗವನ್ನು ಮಾತ್ರ ಕಿನು ಖಾಲಿ ಇಟ್ಟಳು. ಬೇರೇನನ್ನೂ ಅಲ್ಲಿಡಲು ಅವಳಿಗೆ ಮನಸ್ಸೊಪ್ಪಲಿಲ್ಲ.

ವರ್ಷಗಳು ಉರುಳಿದವು. ಪ್ರಾಂತ್ಯದ ಸಭೆಯಲ್ಲಿ ಮೂರು ಅವಧಿ. ದಾದಿಯರ ಕೆಲಸ ಉಳಿಯಿತು. ಊರಿಗೆ ಹಿಮದಲ್ಲೂ ಓಡಾಡುವ ಆಸ್ಪತ್ರೆ ಬಸ್ಸು ಬಂತು, ಸ್ನಾನದ ಮನೆಗಳಲ್ಲಿ ಬೀಳುವವರು ಕಡಿಮೆಯಾದರು. ಆಮೇಲೆ ಮೇಲ್ಮನೆ. ಪ್ರತಿ ಚುನಾವಣೆಗೂ ಕಿನು ಕೈಗವಸು ತೊಟ್ಟು ಗಾಡಿ ಹತ್ತಿದಳು. ಗೆದ್ದ ಮರುದಿನ ಪ್ರತಿ ಸಲವೂ ಬಾಗಿಲು ಹಾಕಿಕೊಂಡು ಮನೆಯಲ್ಲೇ ಕೂತಳು. ಊರೆಲ್ಲ ರಿತ್ಸುಕೋಳನ್ನು ಈಗ ಸೆನ್ಸೇ, ಅಂದರೆ ಗುರುಗಳು, ಎಂದು ಗೌರವದಿಂದ ಕರೆಯುತ್ತಿತ್ತು. ಸೆನ್ಸೇ ಊರಿಗೆ ಬಂದಾಗ ಕಿನುವಿನ ಮನೆಯ ಮೆಟ್ಟಿಲವರೆಗೆ ಬಂದು ಯೋಗಕ್ಷೇಮ ಕೇಳಿ ಹೋಗುತ್ತಿದ್ದಳು. ಚಹಾ ಕುಡಿಯುತ್ತಿದ್ದಳು, ಮೂಲಂಗಿ ಮುಟ್ಟುತ್ತಿರಲಿಲ್ಲ.

ಪಕ್ಕದ ಮನೆಯ ಮಿನೆ, ಕೋಳಿ ಕೊಟ್ಟವಳು, ಸುಮ್ಮನಿರುವ ಪೈಕಿ ಅಲ್ಲ.

“ನಿನ್ನ ಬಟ್ಲು ಸೆನ್ಸೇ ಮನೇಲಿ ಸೊಳ್ಳೆಬತ್ತಿ ಇಡೋಕೆ ಆಗಿರತ್ತೆ ಬಿಡು.”

“ಇಟ್ರೆ ಇಡ್ಲಿ. ಸೊಳ್ಳೆ ಕಚ್ಚದೆ ನಿದ್ದೆ ಮಾಡ್ಲಿ,” ಎನ್ನುತ್ತಿದ್ದಳು ಕಿನು. ಹೇಳುವುದಕ್ಕೆ ಹೇಳಿದರೂ ಒಳಗೊಳಗೇ ಚುರುಕ್ಕೆನ್ನುತ್ತಿತ್ತು.

ಸೈಜಿ ತೀರಿಕೊಂಡದ್ದು ಒಂದು ಮಾರ್ಚ್ ತಿಂಗಳಲ್ಲಿ. ಅಂತ್ಯಕ್ರಿಯೆಗೆ ಮೀನುಗಾರರ ಸಂಘದ ಹೂವು ಬಂತು, ಸಂತೆಯವರ ಹೂವು ಬಂತು, ಒಂದು ಕಾಲದಲ್ಲಿ ಠಾಣೆಗೆ ಚೀಟಿ ಬರೆದವರ ಹೂವು ಕೂಡ ಬಂತು. ಸೆನ್ಸೇದು ಬರಲಿಲ್ಲ. ಅವತ್ತು ಟೋಕಿಯೋದಲ್ಲಿ ಆಯವ್ಯಯಕ್ಕೆ ಮತ ಹಾಕುವ ದಿನ, ಕೂತ ಜಾಗ ಬಿಡುವಂತಿರಲಿಲ್ಲ. ಎರಡು ಸಾಲಿನ ತಂತಿ ಮಾತ್ರ ಬಂತು: ‘ಸೈಜಿಸಾನ್ ಓಡಿಸಿದ ಗಾಡಿಯಲ್ಲಿ ನಾನು ಒಮ್ಮೆಯೂ ಹೆದರಲಿಲ್ಲ. ಈಗ ಅವರ ದಾರಿ ಸುಗಮವಾಗಲಿ.’ ಕಿನುವಿಗೆ ಕಾನೂನು ಬಾಯಿಪಾಠವಾಗಿತ್ತು. ಆದರೂ ಹೂವಿನ ಸಾಲು ನೋಡುವಾಗ, ಹಾಳು ಕಾನೂನು, ಒಂದು ಬಿಳಿ ಹೂವಿನಿಂದ ಯಾವ ದೇಶ ಮುಳುಗುತ್ತಿತ್ತು ಎಂದು ಅವಳಿಗೆ ಸಿಟ್ಟು ಬಂದದ್ದು ಸುಳ್ಳಲ್ಲ. ತಂತಿಯನ್ನು ಮಡಿಸಿ ಕಪಾಟಿನಲ್ಲಿ ಬಟ್ಟಲಿನ ಖಾಲಿ ಜಾಗದಲ್ಲಿಟ್ಟಳು.

ರಿತ್ಸುಕೋ ಸಭಾಪತಿಯಾದ ವರ್ಷ ಸಹಕಾರ ಸಂಘದ ಹಜಾರದಲ್ಲಿ ಊರಿನವರೆಲ್ಲ ಟಿ.ವಿ. ಮುಂದೆ ಕೂತು ನೋಡಿದರು. ಎತ್ತರದ ಕುರ್ಚಿ, ಕೆಳಗೆ ಕೋಟು ತೊಟ್ಟ ಗಂಡಸರ ಸಾಲು. ಒಬ್ಬ ಎಳೆಯ ಸದಸ್ಯೆ ಹಳ್ಳಿಯ ಆಸ್ಪತ್ರೆಗಳ ಬಗ್ಗೆ ಮಾತಾಡಲು ನಿಂತಾಗ ಹಿಂದಿನ ಸಾಲಿನವರು ಗದ್ದಲ ಎಬ್ಬಿಸಿದರು. ಸಭಾಪತಿ ಟೋಕಿಯೋದ ಶುದ್ಧ ಭಾಷೆಯಲ್ಲಿ ಎರಡು ಸಲ ಶಾಂತರಾಗಿರಿ ಎಂದಳು. ಮೂರನೆಯ ಸಲ ಉಸಿರು ಹೊಟ್ಟೆಗಿಳಿದದ್ದು ಕಿನುವಿಗೆ ಟಿ.ವಿ.ಯಲ್ಲೇ ಕಂಡಿತು.

“ಏ, ಸುಮ್ನಿರ್ರಪ್ಪಾ! ಆ ಹುಡ್ಗಿ ಮಾತು ಮುಗೀಲಿ!”

ಅಚ್ಚ ಓನೋಹಾಮಾದ ಮಾತು, ಬೆಳಗಿನ ಸಂತೆಯ ಗಂಟಲು. ಸಭೆ ಗಪ್‌ಚಿಪ್. ಹಜಾರದಲ್ಲಿ ಮುದುಕರು ನೆಲ ಬಡಿದುಕೊಂಡು ನಕ್ಕರು. “ಅದು ನಮ್ಮ ಕಿನುವಿನ ಬಾಯಿ!” ಎಂದು ಯಾರೋ ಕೂಗಿದರು. ಕಿನು ಕೈಬಟ್ಟೆಯಲ್ಲಿ ಮುಖ ಮುಚ್ಚಿಕೊಂಡಳು. ಮೂಲಂಗಿ ಮಾರುತ್ತಿದ್ದ ತನ್ನ ದನಿಗೆ ಅಲ್ಲಿಯವರೆಗೆ ಹೋಗುವ ಭಾಗ್ಯ ಕೊಟ್ಟವಳು ಅವಳು ಎಂದುಕೊಂಡಾಗ ಹೂವಿನ ಸಿಟ್ಟು ಇಳಿಯಿತು. ಬಟ್ಟಲಿನ ಆಸೆ ಇಳಿಯಲಿಲ್ಲ.

ಕೊನೆಗೆ ಒಂದು ಜುಲೈಯಲ್ಲಿ ರಿತ್ಸುಕೋ ನಿವೃತ್ತಳಾಗಿ, ಟೋಕಿಯೋದ ಮನೆ ಖಾಲಿ ಮಾಡಿ, ಓನೋಹಾಮಾದ ಗುಡ್ಡದ ಮೇಲಿನ ಹಳೆಯ ಮನೆಗೆ ಬಂದಳು. ಈಗ ಅವಳು ಯಾರೂ ಅಲ್ಲ, ಅರವತ್ತಾರರ ಒಬ್ಬ ಹೆಂಗಸು. ಯಾರಿಗೆ ಬೇಕಾದರೂ ಏನು ಬೇಕಾದರೂ ಕೊಡಬಹುದು. ಕಿನು ಕಪಾಟು ಒರೆಸಿ, ತಂತಿಯನ್ನು ಪಕ್ಕಕ್ಕೆ ಸರಿಸಿ ಕಾದಳು. ಆಗಸ್ಟಿನಲ್ಲಿ ರಿತ್ಸುಕೋ ಬಂದಳು, ಚಹಾ ಕುಡಿದಳು, ಮೊಣಕಾಲು ನೋವಿನ ಬಗ್ಗೆ ಮಾತಾಡಿದಳು, ಹೋದಳು. ಬಟ್ಟಲಿನ ಮಾತಿಲ್ಲ. ಸೆಪ್ಟೆಂಬರಿನಲ್ಲೂ ಇಲ್ಲ.

“ಈಗ ಕಾನೂನೂ ಇಲ್ಲ, ಬಟ್ಲೂ ಇಲ್ಲ,” ಎಂದಳು ಮಿನೆ.

“ಒಡೆದು ಹೋಗಿರ್ಬೇಕು. ಹೇಳೋಕೆ ಸಂಕೋಚ ಅವ್ರಿಗೆ.”

“ಮರ್ತಿರ್ಬೇಕು ಅಂತ ಅನ್ನೋಕೆ ನಿಂಗೆ ಸಂಕೋಚ.”

ಕಿನುವಿನ ಭಯವೂ ಅದೇ. ಒಡೆದಿದ್ದರೆ ಸರಿ, ಪಿಂಗಾಣಿ ಒಡೆಯುವುದು ಸಹಜ. ಮರೆತಿದ್ದರೆ? ಆ ಬಟ್ಟಲಿನಲ್ಲಿ ತಾಯಿ ಇದ್ದಳು, ಎರಡು ಚಳಿಗಾಲ ಇದ್ದವು, ತೋಮೆ ಮರ ಹಿಡಿದು ನಿಂತ ಬೆಳಗು ಇತ್ತು. ದೇಶದ ಕೆಲಸ ಮಾಡಿದವರು ಒಂದು ಬಟ್ಟಲನ್ನು ಮರೆತರೆ ತಪ್ಪೇನು ಎಂದು ತನಗೆ ತಾನೇ ಹೇಳಿಕೊಂಡಳು. ಸಮಾಧಾನವಾಗಲಿಲ್ಲ. ಅವಳಿಗೂ ಅರವತ್ತೊಂಬತ್ತಾಗಿತ್ತು. ಮಂಡಿ ಬಗ್ಗದೆ ಹೊಗೆಮನೆಯನ್ನು ಎರಡು ವರ್ಷದ ಹಿಂದೆಯೇ ಮುಚ್ಚಿದ್ದಳು. ಕಡೆಯ ಮೂಲಂಗಿಯ ಒಂದು ಪುಟ್ಟ ಪೀಪಾಯಿ ಮಾತ್ರ ಉಳಿದಿತ್ತು.

ನವೆಂಬರಿನಲ್ಲಿ ಗುಡ್ಡದ ಮನೆಯಿಂದ ದಟ್ಟ ಹೊಗೆ ಎದ್ದು ಊರಿನ ಅಗ್ನಿಶಾಮಕ ಪಡೆ ಗಂಟೆ ಬಾರಿಸಿಕೊಂಡು ಓಡಿತು. ಏನೂ ಆಗಿಲ್ಲ, ಸೆನ್ಸೇ ಏನೋ ಸುಡುತ್ತಿದ್ದಾರೆ ಎಂದು ವಾಪಸು ಬಂತು. ಹಳೆಯ ಕಾಗದಪತ್ರ ಇರಬೇಕು ಎಂದು ಊರು ತೀರ್ಮಾನಿಸಿತು. ಹಳೆಯದನ್ನೆಲ್ಲ ಗುಡಿಸಿ ಹಾಕುತ್ತಿದ್ದಾಳೆ, ಅದರ ಜೊತೆ ಬಟ್ಟಲೂ ಹೋಗಿರುತ್ತದೆ ಎಂದುಕೊಂಡು ಕಿನು ಅವತ್ತು ಕಪಾಟಿನ ಖಾಲಿ ಜಾಗದಲ್ಲಿ ಔಷಧದ ಡಬ್ಬಿ ಇಟ್ಟಳು. ಇಟ್ಟು ಅತ್ತಳು.

ಜನವರಿಯ ಕೊನೆಯ ವಾರ. ಬೆಳಗ್ಗೆ ಎಂಟು ಹೊಡೆದಿತ್ತಷ್ಟೆ. ಹೊರಗೆ ಸಲಿಕೆಯಿಂದ ಹಿಮ ಎತ್ತುವ ಸದ್ದು. ಆಮೇಲೆ ಯಾರೋ ಹೊಟ್ಟೆಯಾಳದಿಂದ ಉಸಿರೆಳೆದು ಕೂಗಿದರು.

“ಹತಾಕೆಯಾಮಾ! ಹತಾಕೆಯಾಮಾ ಕಿನು! ಈ ಓಣಿಯ ಎಲ್ರಿಗೂ ಬೆಳಗಿನ ನಮಸ್ಕಾರ! ಮೂವತ್ತು ವರ್ಷ ಗಂಟಲು ಕೊಟ್ಟ ಹತಾಕೆಯಾಮಾ ಕಿನು ಅವ್ರಿಗೆ ಧನ್ಯವಾದ! ಧನ್ಯವಾದ!”

ಅಕ್ಕಪಕ್ಕದ ಕಿಟಕಿಗಳೆಲ್ಲ ತೆರೆದವು. ಮಿನೆ ಹಲ್ಲುಜ್ಜುವ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಹೊರಗೆ ಬಂದಳು. ಕಿನು ಬಾಗಿಲು ತೆರೆದರೆ, ಪರ್ಸಿಮನ್ ಮರದ ಕೆಳಗೆ ಹಿಮದಲ್ಲಿ ಮಾಜಿ ಸಭಾಪತಿ ನಿಂತಿದ್ದಳು. ಕೈಗೆ ಬಿಳಿ ಕೈಗವಸು, ಕೈಯಲ್ಲಿ ಬಟ್ಟೆ ಸುತ್ತಿದ ಗಂಟು.

“ತಡ ಆಯ್ತು, ಕಿನುಸಾನ್,” ಎಂದಳು ರಿತ್ಸುಕೋ. “ಜುಲೈಯಲ್ಲೇ ಕೊಡ್ಬಹುದಿತ್ತು. ಅಂಗಡಿಯಿಂದ ತಂದಿದ್ದನ್ನ ತುಂಬಿ ಕೊಡೋಕೆ ಮನಸ್ಸು ಬರ್ಲಿಲ್ಲ. ಇದು ಹದವಾಗೋಕೆ ಇಷ್ಟು ದಿನ ಬೇಕಾಯ್ತು.”

ಗಂಟು ಬಿಚ್ಚಿದರೆ ನೀಲಿ ಗೆರೆಯ ಬಟ್ಟಲು. ಒಂದು ಬಿರುಕಿಲ್ಲ, ಒಂದು ಗೀರಿಲ್ಲ. ಅದರ ತುಂಬ ಹೊಗೆಮೂಲಂಗಿ. ಕೆಲವು ಕರಕಲು, ಕೆಲವು ಬಿಳಿಚು, ಹೋಳುಗಳು ಒಂದೊಂದು ಒಂದೊಂದು ದಪ್ಪ.

“ಅಗ್ನಿಶಾಮಕದವರು ಬಂದದ್ದು ಇದಕ್ಕಾ?” ಎಂದಳು ಮಿನೆ.

“ಇದಕ್ಕೇ. ಯಾರಿಗೂ ಹೇಳ್ಬೇಡಿ ಅಂತ ಅವ್ರಿಗೂ ಎರಡೆರಡು ಮೂಲಂಗಿ ಕೊಟ್ಟೆ. ಈಗ ಕೊಡ್ಬಹುದಲ್ಲ.” ರಿತ್ಸುಕೋ ಕಿನುವಿನ ಕಡೆ ತಿರುಗಿದಳು. “ಟೋಕಿಯೋಗೆ ಹೋಗೋವಾಗ ಬಟ್ಲು ಜೊತೇಲೇ ತಗೊಂಡ್ಹೋದೆ. ಒಂದ್ಸಲ ಕಾರ್ಯದರ್ಶಿ ಅದ್ರಲ್ಲಿ ಗುಂಡುಪಿನ್ನು ಹಾಕಿಟ್ಟಿದ್ದ. ಅವನಿಗೆ ಬೈದಷ್ಟು ನಾನು ಯಾವ ಮಂತ್ರಿಗೂ ಬೈದಿಲ್ಲ. ಅದು ನಮ್ಮೂರ ಕಿನುಸಾನ್ ಅವರ ಅಮ್ಮ ಕೊಟ್ಟ ಬಟ್ಲು, ತುಂಬಿ ವಾಪಸ್ ಕೊಡ್ಬೇಕು, ಅಲ್ಲೀವರೆಗೆ ಖಾಲಿ ಇರ್ಬೇಕು ಅಂದೆ. ಪ್ರತಿ ಹೊಸ ವರ್ಷಕ್ಕೆ ತೊಳೆದು ಒರೆಸಿಡ್ತಿದ್ದೆ. ಸೈಜಿಸಾನ್ ಹೋದ ದಿನ ಅದನ್ನ ಮಡಿಲಲ್ಲಿಟ್ಕೊಂಡು ಕೂತಿದ್ದೆ.”

ಆರು ಚುನಾವಣೆಗಳಲ್ಲಿ ಒಮ್ಮೆಯೂ ಕೈಕೊಡದ ಗಂಟಲು ಕಿನುವಿಗೆ ಅವತ್ತು ಕೈಕೊಟ್ಟಿತು. ಧನ್ಯವಾದ ಎಂಬ ಮಾತು, ಊರಿನ ನಾಯಿಗೂ ಹೇಳಿದ ಆ ಮಾತು, ಬರಲೇ ಇಲ್ಲ. ಅವಳು ಬಟ್ಟಲನ್ನು ಎದೆಗವಚಿಕೊಂಡು ಬಗ್ಗಿದಳು. ಎದುರಿಗೆ ರಿತ್ಸುಕೋ ಇನ್ನೂ ಕೆಳಗೆ ಬಗ್ಗಿದಳು. ಇವಳು ಏಳುವಾಗ ಅವಳು ಬಗ್ಗಿದ್ದು ನೋಡಿ ಇವಳು ಮತ್ತೆ ಬಗ್ಗಿದಳು.

“ಸಾಕು ಏಳ್ರಮ್ಮಾ, ಇಬ್ರಿಗೂ ಮಂಡಿ ಸರಿ ಇಲ್ಲ,” ಎಂದು ಮಿನೆ ಗದರಿದಳು. ಅವಳ ಕಣ್ಣ ಕೆಳಗೂ ಒದ್ದೆಯಾಗಿತ್ತು.

ಒಳಗೆ ಹೋಗಿ ಕಿನು ಎಲ್ಲಕ್ಕಿಂತ ಮೊದಲು ಎರಡು ಹೋಳು ತೆಗೆದು ತೋಮೆ ಮತ್ತು ಸೈಜಿಯ ಪಟಗಳ ಮುಂದಿಟ್ಟು ಗಂಟೆ ಬಾರಿಸಿದಳು. ಆಮೇಲೆ ಚಹಾ ಬಗ್ಗಿಸಿ, ತಾನೊಂದು ಹೋಳು ಬಾಯಿಗಿಟ್ಟುಕೊಂಡಳು. ರಿತ್ಸುಕೋ ಪರೀಕ್ಷೆಗೆ ಕೂತವಳಂತೆ ಅವಳ ಮುಖವನ್ನೇ ನೋಡುತ್ತಿದ್ದಳು.

“ಉಪ್ಪು ಸಾಲ್ದು,” ಎಂದಳು ಕಿನು. ಅಷ್ಟು ಹೊತ್ತಿಗೆ ಗಂಟಲು ಮರಳಿ ಬಂದಿತ್ತು.

“ಬೇಕೂಂತಲೇ ಕಮ್ಮಿ ಹಾಕಿದೀನಿ. ನಿಮಗಿನ್ನೂ ಅರವತ್ತೊಂಬತ್ತು.”

ಇಬ್ಬರೂ ನಕ್ಕರು. ಮೂವತ್ತು ವರ್ಷದ ಮೇಲೆ ಒಂದೇ ಬಟ್ಟಲಿನಿಂದ ಒಬ್ಬರಾದ ಮೇಲೊಬ್ಬರು ತಿಂದು ಮುಗಿಸಿದರು. ಕಿನು ಬಟ್ಟಲನ್ನು ಬಿಸಿನೀರಿನಲ್ಲಿ ತೊಳೆದು, ಬಟ್ಟೆಯಿಂದ ಒರೆಸಿದಳು. ಕಪಾಟಿನಿಂದ ಔಷಧದ ಡಬ್ಬಿ ತೆಗೆದಳು, ಬಟ್ಟಲನ್ನು ಅಲ್ಲಿಡಲು ಕೈ ಎತ್ತಿದಳು. ಎತ್ತಿದ ಕೈ ಇಳಿಸಿ, ಹಿತ್ತಲಿಗೆ ಹೋಗಿ ಉಳಿದಿದ್ದ ಪುಟ್ಟ ಪೀಪಾಯಿಯ ಮೇಲಿನ ಕಲ್ಲನ್ನು ಎತ್ತಿದಳು. ಗುಡ್ಡದ ಮನೆಗೆ ಹೊರಟವಳ ಕೈಗೆ ಖಾಲಿ ಬಟ್ಟಲು ಕೊಡುವ ಪದ್ಧತಿ ಆ ಊರಿನಲ್ಲಿಲ್ಲ.